ಫರಸಿ ನೆಲಕ್ಕೆ ಬಂದ ಹಳೆ ರೋಬೊ

ಸೇಡಂ ಕಡೆಯ ಮನೆಗಳಲ್ಲಿ ಬೆಳಿಗ್ಗೆ ಗುಡಿಸಿದ ನೆಲ ಮಧ್ಯಾಹ್ನದ ಊಟದ ಹೊತ್ತಿಗೆ ಮತ್ತೆ ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಕಿಟಕಿ ಮುಚ್ಚಿಟ್ಟರೂ ತಪ್ಪಿದ್ದಲ್ಲ. ಈ ಧೂಳು ಒಂದೇ ಕಡೆಯಿಂದ ಬಂದದ್ದೂ ಅಲ್ಲ. ಸುಣ್ಣಕಲ್ಲಿನ ಗಣಿ, ಫರಸಿ ಕೊಯ್ಯುವ ಮಷಿನ್ನು, ಹಗಲೂ ರಾತ್ರಿ ಓಡುವ ಲಾರಿಗಳು, ಬೇಸಿಗೆಗೆ ಬಿರಿದು ಪುಡಿಯಾಗುವ ಎರೆಮಣ್ಣು, ರಾಶಿಯ ಕಾಲದಲ್ಲಿ ತೊಗರಿ ಹೊಟ್ಟು, ಎಲ್ಲ ಬೆರೆತು ಒಂದೇ ಪದರವಾಗಿ ಕೂರುತ್ತದೆ. ವಾಡಿ, ಶಹಾಬಾದ್, ಚಿತ್ತಾಪುರ, ಚಿಂಚೋಳಿ ಎಲ್ಲಿಗೆ ಹೋದರೂ ನೆಂಟರ ಮನೆಯ ಮಾತಿನಲ್ಲಿ ಮಳೆ, ತೊಗರಿ ದರ, ಧೂಳು ಈ ಮೂರು ಬಂದೇ ಬರುತ್ತವೆ.

ನಮ್ಮ ನೆಲದ ಕೆಳಗಿರುವುದೇ ಸುಣ್ಣಕಲ್ಲು. ಭೂವಿಜ್ಞಾನಿಗಳು ಭೀಮಾ ಸಮೂಹ ಎಂದು ಕರೆಯುವ ಈ ಪದರಗಳು ಹಾಳೆ ಹಾಳೆಯಾಗಿ ಎದ್ದು ಬರುತ್ತವೆ. ಹಾಗೆ ಎದ್ದ ಕಲ್ಲು ಶಹಾಬಾದ್ ಹೆಸರಿನಲ್ಲಿ ಊರೂರಿನ ಮನೆ, ಅಂಗಳ, ಓಣಿಗಳಿಗೆ ಹಾಸಾಗಿದೆ. ಮಳಖೇಡದ ಕೋಟೆಗೋಡೆಯಲ್ಲೂ ಇರುವುದು ಇದೇ ಕಲ್ಲು. ಅದನ್ನೇ ಪುಡಿ ಮಾಡಿ ಸುಮಾರು 1450 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಕ್ಲಿಂಕರ್; ಜಿಪ್ಸಂ ಸೇರಿಸಿ ಅರೆದರೆ ಸಿಮೆಂಟ್. ವಾಡಿಯಲ್ಲಿ ಎಸಿಸಿ ಕಾರ್ಖಾನೆ 1968ರಲ್ಲಿ ಶುರುವಾಯಿತು. ಆಮೇಲೆ ಮಳಖೇಡ, ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಗೆಲ್ಲ ಕಾರ್ಖಾನೆಗಳು ಬಂದವು. ಸಾವಿರಾರು ಮನೆಗಳ ಒಲೆ ಉರಿಯುವುದು ಈ ಕಲ್ಲಿನಿಂದಲೇ. ಗುಡಿಸುವ ಕೆಲಸ ಮುಗಿಯದಿರುವುದೂ ಇದರಿಂದಲೇ.

ಆ ಗುಡಿಸುವ ಕೆಲಸ ಯಾರದು ಎಂಬುದನ್ನು ನಾವು ಗಂಡಸರು ಬಾಯಿಬಿಟ್ಟು ಹೇಳುವುದು ಕಡಿಮೆ. ಸೊಂಟ ಬಗ್ಗಿಸಿ, ಹೊರಸಿನ ಕೆಳಗೆ ಕೈ ಚಾಚಿ, ಮೇಲೆದ್ದ ಧೂಳನ್ನು ತಾನೇ ಕುಡಿಯುತ್ತ ದಿನಕ್ಕೆ ಎರಡು ಮೂರು ಸಲ ಕಸಬರಿಗೆ ಹಿಡಿಯುವವರು ಅವ್ವ, ಹೆಂಡತಿ, ಅಕ್ಕ. ನಮ್ಮ ಅವ್ವನ ಮೊಣಕಾಲು ಬಾಗದಂತಾದಾಗ ಮನೆಗೆ ನೆಲ ಗುಡಿಸುವ ರೋಬೊ ತರುವ ಮಾತು ಎದ್ದಿತು. ಹೊಸದರ ಬೆಲೆ ನಮ್ಮ ಕೈಗೆ ಎಟುಕುವಂತಿರಲಿಲ್ಲ. ಅದರ ಅರ್ಧಕ್ಕಿಂತ ಕಡಿಮೆಗೆ ಒಂದು ರಿಫರ್ಬಿಶ್ಡ್ ಮಷಿನ್ ಸಿಕ್ಕಿತು. ಯಾರೋ ಬಳಸಿ ಮರಳಿಸಿದ್ದನ್ನು ತಿದ್ದಿ, ಒರೆಸಿ, ಮತ್ತೆ ಡಬ್ಬಿಗೆ ಹಾಕಿ ಮಾರಿದ ಮಾಲು. ಅದು ಈಗಲೂ ನಮ್ಮ ಪಡಸಾಲೆಯಲ್ಲಿ ತಿರುಗುತ್ತಿದೆ. ಮಷಿನ್ ಗಟ್ಟಿ ಇತ್ತು ಎಂಬುದಕ್ಕಿಂತ ಅದನ್ನು ಬಿಚ್ಚಿ ಒರೆಸಿ ನೋಡಿಕೊಳ್ಳುವ ರೂಢಿ ಮನೆಯಲ್ಲಿ ಬೆಳೆದದ್ದೇ ಅದಕ್ಕೆ ಕಾರಣ. ಇಂಥ ಮಷಿನ್ ಈ ಸೀಮೆಯಲ್ಲಿ ಬಾಳುವುದು ಆರೈಕೆಯಿಂದ ಮಾತ್ರ ಎಂಬುದು ನನ್ನ ದೃಢ ಅಭಿಪ್ರಾಯ.

ತಟ್ಟೆಯಾಕಾರದ ಈ ಯಂತ್ರಕ್ಕೆ ದೊಡ್ಡ ವಯಸ್ಸೇನಿಲ್ಲ. ಸ್ವೀಡನ್ನಿನ ಎಲೆಕ್ಟ್ರೊಲಕ್ಸ್ ಕಂಪನಿಯ ಟ್ರೈಲೊಬೈಟ್ 2001ರಲ್ಲಿ ಮಾರುಕಟ್ಟೆಗೆ ಬಂತು. ಮರುವರ್ಷ ಅಮೆರಿಕದ ಐರೋಬೊಟ್ ಕಂಪನಿ ರೂಂಬಾ ತಂದಿತು. ಆಗಿನ ರೂಂಬಾಗಳು ಗೋಡೆಗೆ ಬಡಿದು ತಿರುಗಿ, ಮತ್ತೆ ಬಡಿದು ತಿರುಗಿ ನೆಲ ಮುಗಿಸುತ್ತಿದ್ದವು. ಈಗಿನ ಹಲವು ಮಾದರಿಗಳ ತಲೆಯ ಮೇಲೊಂದು ಸಣ್ಣ ಗೋಪುರವಿರುತ್ತದೆ. ಅದರೊಳಗಿನ ಲೇಸರ್ ಸುತ್ತಲೂ ತಿರುಗಿ ಗೋಡೆ ಎಷ್ಟು ದೂರ, ಬಾಗಿಲು ಎಲ್ಲಿ ಎಂದು ಅಳೆದು ಮನೆಯ ನಕ್ಷೆ ಬರೆಯುತ್ತದೆ. ಕೆಳಗೆ ಒಂದು ಉರುಳು ಬ್ರಷ್, ಪಕ್ಕಕ್ಕೆ ಮೂರು ಕಾಲಿನ ಬ್ರಷ್, ಹಿಂದೆ ಗಾಳಿ ಎಳೆಯುವ ಫ್ಯಾನು, ನಡುವೆ ಧೂಳಿನ ಡಬ್ಬಿ ಮತ್ತು ಫಿಲ್ಟರ್. ಇಷ್ಟೇ ಮಷಿನ್. ಇದರಲ್ಲಿ ಮನೆಯವರು ಬಿಚ್ಚಲಾಗದ ಭಾಗಗಳು ಕಡಿಮೆ ಎಂಬುದೇ ಹಳೆಯದನ್ನು ಕೊಳ್ಳುವವರಿಗೆ ದೊಡ್ಡ ಧೈರ್ಯ.

ಕೊಳ್ಳುವಾಗ ಮೊದಲು ನೋಡಬೇಕಾದ್ದು ಹೊರಮೈಯ ಹೊಳಪನ್ನಲ್ಲ. ಡಬ್ಬಿ ತೆಗೆದು, ಫಿಲ್ಟರ್ ತೆಗೆದು, ಅದರ ಹಿಂದಿನ ಗಾಳಿಯ ದಾರಿಗೆ ಟಾರ್ಚ್ ಹಾಕಿ ನೋಡಿ. ಅಲ್ಲಿ ಬೂದು ಪುಡಿ ಅಂಟಿಕೊಂಡಿದ್ದರೆ ಹಿಂದಿನವರು ಫಿಲ್ಟರ್ ಇಲ್ಲದೆಯೋ ಹರಿದ ಫಿಲ್ಟರ್ ಹಾಕಿಯೋ ಓಡಿಸಿದ್ದಾರೆ ಎಂದರ್ಥ. ಆ ಪುಡಿ ಫ್ಯಾನಿನ ಬೇರಿಂಗ್ ಸೇರಿರುತ್ತದೆ. ಅಂಥದ್ದು ಬೇಡ. ಆಮೇಲೆ ಎರಡೂ ಗಾಲಿಗಳನ್ನು ಬೆರಳಿನಿಂದ ಒತ್ತಿ ಬಿಡಿ. ಸ್ಪ್ರಿಂಗ್ ಒಂದೇ ಸಮನೆ ಮೇಲೆ ಬರಬೇಕು. ಲೇಸರ್ ಗೋಪುರ ತಿರುಗುವಾಗ ಕರಕರ ಸದ್ದು ಬರಬಾರದು. ಮುಂದಿನ ಬಂಪರ್ ಎಡಕ್ಕೂ ಬಲಕ್ಕೂ ಒತ್ತಿದರೆ ಟಿಕ್ ಎಂದು ಒಳಗೆ ಹೋಗಿ ಬರಬೇಕು. ಅಮೆರಿಕದಲ್ಲಿರುವ ಮಕ್ಕಳು ಸೂಟ್‌ಕೇಸಿನಲ್ಲಿ ತಂದುಕೊಟ್ಟ ಮಷಿನ್ ಆದರೆ ಚಾರ್ಜಿಂಗ್ ಡಾಕ್‌ನ ಹಿಂದಿನ ಚೀಟಿ ಓದಿ: 100–240 ವೋಲ್ಟ್ ಎಂದಿದ್ದರೆ ಸರಿ, ಬರೀ 120 ಎಂದಿದ್ದರೆ ನಮ್ಮ 230 ವೋಲ್ಟಿಗೆ ಸಿಕ್ಕಿಸಬೇಡಿ. ಚೀನಾದ ಒಳಮಾರುಕಟ್ಟೆಗೆಂದು ಮಾಡಿದ ಕೆಲವು ಮಾದರಿಗಳು ಭಾರತದ ಸರ್ವರ್‌ಗೆ ಸೇರುವುದೇ ಇಲ್ಲ. ಅದನ್ನೂ ಮುಂಚೆಯೇ ಕೇಳಿಕೊಳ್ಳಬೇಕು.

ಇನ್ನೊಂದು ಮಾತು ಹಲವರಿಗೆ ಹೊಳೆಯುವುದಿಲ್ಲ. ಮಷಿನ್ನಿನ ಹೊಟ್ಟೆಯಲ್ಲಿ ಹಳೆ ಮಾಲೀಕರ ವೈಫೈ ಹೆಸರು, ಅವರ ಮನೆಯ ನಕ್ಷೆ ಉಳಿದಿರಬಹುದು. ಮೊದಲ ದಿನವೇ ಫ್ಯಾಕ್ಟರಿ ರೀಸೆಟ್ ಮಾಡಿ. ಕ್ಯಾಮೆರಾ ಇರುವ ಮಾದರಿಗಳ ಬಗ್ಗೆ ನನಗೆ ಅಳುಕಿದೆ. ಪರೀಕ್ಷೆಗೆಂದು ಜನರ ಮನೆಗಳಲ್ಲಿ ಇಟ್ಟಿದ್ದ ರೂಂಬಾಗಳು 2020ರಲ್ಲಿ ತೆಗೆದ ಖಾಸಗಿ ಚಿತ್ರಗಳು ಹೊರಗೆ ಸೋರಿದ್ದನ್ನು ಎಂಐಟಿ ಟೆಕ್ನಾಲಜಿ ರಿವ್ಯೂ ಪತ್ರಿಕೆ 2022ರಲ್ಲಿ ಬಯಲಿಗೆ ತಂದಿತು. ಕೈ ಬದಲಾದ ಮಷಿನ್ ಕೊಳ್ಳುವವರಿಗೆ ಲೇಸರ್ ಮಾದರಿಯೇ ವಾಸಿ.

ಮನೆಗೆ ಬಂದ ಮೇಲೆ ಇಲ್ಲಿನ ನೆಲ ತನ್ನ ಪರೀಕ್ಷೆ ಒಡ್ಡುತ್ತದೆ. ಮೊದಲನೆಯದು ಹೊಸ್ತಿಲು. ಬಹುಪಾಲು ರೋಬೊಗಳು ಎರಡು ಸೆಂಟಿಮೀಟರ್ ಎತ್ತರ ದಾಟಿದರೆ ಹೆಚ್ಚು. ಹಳೆ ಮನೆಗಳ ಹೊಸ್ತಿಲು ಅದಕ್ಕಿಂತ ಎತ್ತರ, ಅದಕ್ಕೆ ದಿನಾ ಅರಿಶಿನ ಕುಂಕುಮ ಬೇರೆ. ಹೊಸ್ತಿಲು ಕಡಿಯುವ ಯೋಚನೆ ಯಾರೂ ಮಾಡಬಾರದು. ಮಷಿನ್ನನ್ನೇ ಎತ್ತಿ ಒಂದೊಂದು ಖೋಲಿಗೆ ಇಟ್ಟರಾಯಿತು. ಎರಡನೆಯದು ಫರಸಿಯ ಸಂದು. ಎರಡು ಕಲ್ಲುಗಳ ನಡುವಿನ ಸಿಮೆಂಟ್ ಎದ್ದು ಹೋದಲ್ಲಿ ಧೂಳು ಆಳಕ್ಕಿಳಿದು ಕೂತಿರುತ್ತದೆ. ಹಳೆಯ ಮಾದರಿಗಳ ಎಳೆತಕ್ಕೆ ಅದು ಮೇಲೆ ಬರುವುದಿಲ್ಲ. ಸಂದು ತುಂಬಿಸಿದ ಮೇಲೆ ನಮ್ಮ ಮನೆಯಲ್ಲಿ ರೋಬೊದ ಕೆಲಸ ಎದ್ದು ಕಾಣುವಷ್ಟು ಸುಧಾರಿಸಿತು. ಗೌಂಡಿಯನ್ನು ಒಂದು ದಿನ ಕರೆಸುವುದು ಹೊಸ ಮಾದರಿಗೆ ಹಣ ಸುರಿಯುವುದಕ್ಕಿಂತ ಒಳ್ಳೆಯದು.

ಮೂರನೆಯದು ಕಲ್ಲಿನ ಬಣ್ಣ. ಮೆಟ್ಟಿಲಿನಿಂದ ಉರುಳಿ ಬೀಳದಿರಲೆಂದು ರೋಬೊದ ಹೊಟ್ಟೆಯ ಅಂಚಿನಲ್ಲಿ ಸೆನ್ಸರ್‌ಗಳಿರುತ್ತವೆ. ಅವು ಕಣ್ಣಿಗೆ ಕಾಣದ ಅತಿಗೆಂಪು ಬೆಳಕನ್ನು ನೆಲಕ್ಕೆ ಬಿಟ್ಟು, ತಿರುಗಿ ಬಂದರೆ ನೆಲ ಇದೆ, ಬಾರದಿದ್ದರೆ ಗುಂಡಿ ಇದೆ ಎಂದು ತಿಳಿಯುತ್ತವೆ. ಕಪ್ಪು ಬಣ್ಣ ಆ ಬೆಳಕನ್ನು ನುಂಗುತ್ತದೆ. ಅಡುಗೆಮನೆಗೆ ಕಡಪಾ ಕಲ್ಲು ಹಾಸಿದವರ ಮನೆಯಲ್ಲಿ, ಎಣ್ಣೆ ಹಚ್ಚಿ ಹಚ್ಚಿ ಫರಸಿ ಕಪ್ಪಾದ ಮನೆಗಳಲ್ಲಿ ರೋಬೊ ಬಾಗಿಲಿನ ತನಕ ಬಂದು ಹಿಂದೆ ಸರಿಯುತ್ತದೆ, ಮತ್ತೆ ಬರುತ್ತದೆ, ಮತ್ತೆ ಸರಿಯುತ್ತದೆ. ಮಷಿನ್ ಕೆಟ್ಟಿದೆ ಎಂದು ಮರಳಿಸುವವರು ಇಂಥವರೇ ಬಹಳ. ಸೆನ್ಸರ್ ಮೇಲೆ ಬಿಳಿ ಕಾಗದ ಅಂಟಿಸುವ ಉಪಾಯವನ್ನು ಕೆಲವರು ಹೇಳುತ್ತಾರೆ. ಅಂಟಿಸಿದರೆ ಕಪ್ಪು ನೆಲದಲ್ಲಿ ಓಡುತ್ತದೆ ನಿಜ, ಆದರೆ ಪಡಸಾಲೆಯ ಕಟ್ಟೆ, ಅಂಗಳದ ಮೆಟ್ಟಿಲು ಕಂಡರೂ ಓಡುತ್ತದೆ. ಕಟ್ಟೆ ಇರುವ ಮನೆಯಲ್ಲಿ ಅದನ್ನು ಮಾಡಲೇಬೇಡಿ. ಸೆನ್ಸರ್‌ನ ಗಾಜಿನ ಮೇಲೆ ಧೂಳು ಕೂತರೂ ಇದೇ ತೊಂದರೆ. ಒಣ ಮೆತ್ತನೆ ಬಟ್ಟೆಯಿಂದ ಒರೆಸಿದರೆ ಅರ್ಧ ದೂರುಗಳು ಅಲ್ಲೇ ಮುಗಿಯುತ್ತವೆ.

ವಾರಕ್ಕೊಮ್ಮೆ ಅಂಗಳದಲ್ಲಿ ಹಳೆ ಪೇಪರ್ ಹಾಸಿ ಮಷಿನ್ನನ್ನು ಬೋರಲು ಹಾಕುತ್ತೇವೆ. ಮುಚ್ಚಳದ ಕ್ಲಿಪ್ ಒತ್ತಿದರೆ ಉರುಳು ಬ್ರಷ್ ಹೊರಬರುತ್ತದೆ. ಅದಕ್ಕೆ ಸುತ್ತಿಕೊಂಡ ಕೂದಲು, ಕೌದಿಯ ನೂಲುಗಳನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಎಳೆಯಬೇಕು. ಮೇಲೆ ಕಾಣುವುದಕ್ಕಿಂತ ಹೆಚ್ಚಿನದು ಎರಡು ತುದಿಯಲ್ಲಿರುತ್ತದೆ. ಅಲ್ಲಿನ ಟೋಪಿ ಕಳಚಿದರೆ ಬೇರಿಂಗಿನ ಸುತ್ತ ಕೂದಲು ಕಪ್ಪು ಉಂಗುರವಾಗಿ ಬಿಗಿದಿರುತ್ತದೆ. ಬಿಟ್ಟರೆ ಆ ಜಾಗ ಕಾದು ಪ್ಲಾಸ್ಟಿಕ್ ಕರಗುತ್ತದೆ. ಮುಂದಿನ ಪುಟ್ಟ ಗಾಲಿಯನ್ನು ಚಮಚದ ಹಿಡಿಯಿಂದ ಮೀಟಿ ತೆಗೆದರೆ ಅದರ ಕಡ್ಡಿಗೂ ಕೂದಲು. ದೊಡ್ಡ ಗಾಲಿಯ ಸಂದಿಯಲ್ಲಿ ಒಂದು ತೊಗರಿಬೇಳೆ ಸಿಕ್ಕರೆ ಮಷಿನ್ ಒಂದೇ ಕಡೆ ಸುತ್ತುತ್ತ ನಿಲ್ಲುತ್ತದೆ. ಅದನ್ನು ಹುಡುಕಿ ತೆಗೆಯುವ ಕೆಲಸ ಮನೆಯ ಮಕ್ಕಳಿಗೆ ಬಹಳ ಇಷ್ಟ. ಡಾಕ್‌ಗೆ ತಾಗುವ ಎರಡು ಲೋಹದ ಪಟ್ಟಿಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಬೇಕು. ಚಾರ್ಜ್ ಆಗುತ್ತಿಲ್ಲ ಎಂದು ಬ್ಯಾಟರಿ ಬದಲಿಸಲು ಹೊರಟವರು ಮೊದಲು ಇದನ್ನು ಮಾಡಿ ನೋಡಲಿ.

ಫಿಲ್ಟರ್ ವಿಷಯಕ್ಕೆ ಬಂದರೆ, ಡಬ್ಬಿಯೊಂದಿಗೆ ಬರುವ ಕೈಪಿಡಿಗಳಿಗಿಂತ ನಮ್ಮ ಸೀಮೆಗೆ ಬೇರೆಯೇ ನಿಯಮ ಬೇಕು. ಎಷ್ಟೋ ಮಾದರಿಗಳ ಕೈಪಿಡಿ ಫಿಲ್ಟರನ್ನು ನಲ್ಲಿ ನೀರಿಗೆ ಹಿಡಿಯಿರಿ ಎನ್ನುತ್ತದೆ. ಬೇರೆ ಊರಿಗೆ ಅದು ಸರಿ. ಸಿಮೆಂಟಿನ ಅಂಶವಿರುವ ಧೂಳಿಗೆ ನೀರು ತಾಗಿದರೆ ಅದು ನೂಲಿನ ಎಡೆಯಲ್ಲೇ ಗಟ್ಟಿಯಾಗುತ್ತದೆ. ಒಣಗಿದ ಮೇಲೆ ಫಿಲ್ಟರ್ ಹಪ್ಪಳದಂತೆ ಸೆಟೆದಿರುತ್ತದೆ, ಗಾಳಿ ಆಡುವುದಿಲ್ಲ, ಎಳೆತ ಸಾಯುತ್ತದೆ. ಆದ್ದರಿಂದ ನಮ್ಮಲ್ಲಿ ಫಿಲ್ಟರ್ ಕೊಡಹಬೇಕು, ತೊಳೆಯಬಾರದು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಗಾಳಿಗೆ ಬೆನ್ನು ಕೊಟ್ಟು, ಮರದ ಅಂಚಿಗೆ ಮೆಲ್ಲಗೆ ತಟ್ಟಬೇಕು. ಮೆದು ಬ್ರಷ್‌ನಿಂದ ಮಡಿಕೆಯ ಉದ್ದಕ್ಕೆ ಎಳೆಯಬೇಕು. ಎರಡು ಮೂರು ಫಿಲ್ಟರ್ ಮನೆಯಲ್ಲಿ ಇಟ್ಟುಕೊಂಡು ಸರದಿಯಲ್ಲಿ ಹಾಕುವುದು ಉತ್ತಮ. ಬಣ್ಣ ಬೆಳ್ಳಗಿದ್ದರೂ ಬೆಳಕಿಗೆ ಹಿಡಿದಾಗ ಮಬ್ಬಾಗಿ ಕಂಡರೆ ಅದರ ಕಾಲ ಮುಗಿಯಿತು. ಮನೆ ಕಟ್ಟಿಸಿದ, ಗೋಡೆ ಉಜ್ಜಿಸಿದ, ಸುಣ್ಣ ಹೊಡೆಸಿದ ಮರುದಿನ ರೋಬೊ ಬಿಡಲೇಬಾರದು. ಆ ಪುಡಿ ಕಸಬರಿಗೆಯ ಪಾಲು. ರಂಗೋಲಿ ಪುಡಿಯೂ ಹಾಗೆಯೇ. ಆ್ಯಪ್‌ನಲ್ಲಿ ಬಾಗಿಲ ಮುಂದಿನ ಜಾಗಕ್ಕೂ ದೇವರ ಖೋಲಿಗೂ ಗೆರೆ ಎಳೆದು, ಇತ್ತ ಬರಬೇಡ ಎಂದು ಹೇಳಿಡಬಹುದು.

ಒಂದು ದಿನ ಡಬ್ಬಿ ಸುರಿಯುವಾಗ ಪಕ್ಕದ ಮನೆಯ ಕಾಕಿ ನಿಂತು ನೋಡಿದರು. “ತಮ್ಮಾ, ಒಂದ ದಿನಕ್ಕ ಇಷ್ಟ ಧೂಳ ಅದಂದ್ರ, ನಾವು ಎಷ್ಟ ನುಂಗೀವೋ ಏನೋ” ಅಂದರು. ಅಲ್ಲಿ ಪೇಪರಿನ ಮೇಲೆ ಬಿದ್ದದ್ದು ಕಸ ಅಲ್ಲ, ಹಿಟ್ಟಿನಷ್ಟು ನುಣ್ಣನೆಯ ಬೂದು ಪುಡಿ. ಕಸಬರಿಗೆ ಅದನ್ನು ಒಂದು ಮೂಲೆಯಿಂದ ಎಬ್ಬಿಸಿ ಇನ್ನೊಂದು ಮೂಲೆಗೆ ಕೂರಿಸುತ್ತದೆ. ಒಳ್ಳೆಯ ಫಿಲ್ಟರಿನ ಮಷಿನ್ ಹಿಡಿದಿಡುತ್ತದೆ. ಮನೆಗೊಂದು ರೋಬೊ ಬಂದರೆ ಊರಿನ ಧೂಳು ಕಡಿಮೆಯಾಗುವುದಿಲ್ಲ. ರಸ್ತೆಗೆ ಡಾಂಬರು, ಲಾರಿಗೆ ತಾಡಪತ್ರಿ, ಗಣಿಯ ದಾರಿಗೆ ನೀರು ಚಿಮುಕಿಸುವುದು, ಇವೆಲ್ಲ ಆಗಬೇಕಾದ ಕೆಲಸಗಳೇ. ಆದರೆ ಅವು ಆಗುವ ತನಕ ಅವ್ವನ ಉಸಿರು ಕಾಯಬೇಕಲ್ಲ.

ನೆಲ ಒರೆಸುವ ಮಾದರಿಗಳೂ ಇವೆ. ಹೊಟ್ಟೆಯಲ್ಲಿ ಪುಟ್ಟ ನೀರಿನ ಟ್ಯಾಂಕು, ಕೆಳಗೊಂದು ಬಟ್ಟೆ. ನಮ್ಮಲ್ಲಿ ಮೊದಲು ಒಣ ಓಟ ಮುಗಿಸಿ, ಡಬ್ಬಿ ಖಾಲಿ ಮಾಡಿ, ಆಮೇಲೆ ಬಟ್ಟೆ ಕಟ್ಟಬೇಕು. ಎರಡನ್ನೂ ಒಟ್ಟಿಗೆ ಮಾಡಿಸಿದರೆ ನೆಲದ ಮೇಲೆ ಬೆಳ್ಳನೆ ಪೊರೆ ನಿಲ್ಲುತ್ತದೆ. ಸುಣ್ಣಕಲ್ಲಿನ ನೆಲದ ಬೋರ್‌ವೆಲ್ ನೀರು ಗಡಸು. ಅದನ್ನೇ ಟ್ಯಾಂಕಿಗೆ ಹಾಕಿದರೆ ಸಣ್ಣ ತೂತುಗಳಲ್ಲಿ ಬಿಳಿ ಪಕಳೆ ಕಟ್ಟುತ್ತದೆ. ಕುದಿಸಿ, ಆರಿಸಿ, ಸೋಸಿದ ನೀರಿನಲ್ಲಿ ಗಡಸುತನದ ಒಂದು ಪಾಲು ತಗ್ಗಿರುತ್ತದೆ. ಆರ್‌ಒ ನೀರು ಇನ್ನೂ ಒಳ್ಳೆಯದು. ಪಕಳೆ ತೆಗೆಯಲು ವಿನೆಗರ್ ಹಾಕಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಟ್ಯಾಂಕನ್ನು ಹೊರಗೆ ತೆಗೆದು ತೊಳೆಯಲು ಬಳಸಿ, ಆಮೇಲೆ ಚೆನ್ನಾಗಿ ಜಾಲಾಡಿ. ನೆಲಕ್ಕೆ ಮಾತ್ರ ಒಂದು ಹನಿಯೂ ಬೇಡ. ಫರಸಿ ಎಂದರೆ ಸುಣ್ಣಕಲ್ಲು, ಹುಳಿ ಬಿದ್ದಲ್ಲಿ ಕಲ್ಲೇ ಕರಗಿ ಹೊಳಪು ಹೋಗುತ್ತದೆ. ನಿಂಬೆಹುಳಿ, ಟಾಯ್ಲೆಟ್ ಆ್ಯಸಿಡ್‌ಗೂ ಇದೇ ಮಾತು. ಇಟಾಲಿಯನ್ ಮಾರ್ಬಲ್ಲಿಗೆ ತೋರಿಸುವ ಕಾಳಜಿಯಲ್ಲಿ ಅರ್ಧದಷ್ಟನ್ನಾದರೂ ನಮ್ಮದೇ ಕಲ್ಲಿಗೆ ತೋರಿಸಬೇಕೆಂದು ನನಗೆ ಯಾವಾಗಲೂ ಅನಿಸುತ್ತದೆ.

ಹಳೆ ರೋಬೊದ ಜೀವ ಇರುವುದು ಬ್ಯಾಟರಿಯಲ್ಲಿ. ಬಹುತೇಕ ಮಾದರಿಗಳಲ್ಲಿ ನಾಲ್ಕು ಲಿಥಿಯಂ ಸೆಲ್‌ಗಳನ್ನು ಸಾಲಾಗಿ ಕೂಡಿಸಿ 14.4 ವೋಲ್ಟಿನ ಪ್ಯಾಕ್ ಮಾಡಿರುತ್ತಾರೆ. ಈ ಸೆಲ್ಲಿಗೆ ವಯಸ್ಸಾಗಲು ಬಳಸಲೇಬೇಕೆಂದಿಲ್ಲ. ಗೋದಾಮಿನ ಶೆಲ್ಫಿನಲ್ಲಿ ಕೂತಿದ್ದರೂ ಕಸುವು ಕಳೆದುಕೊಳ್ಳುತ್ತದೆ, ಶಕೆ ಹೆಚ್ಚಿದಷ್ಟೂ ಬೇಗ. ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಊರುಗಳು ಇದಕ್ಕೆ ಕಠಿಣ ಜಾಗ. ಸಾಮಾನ್ಯ ಲಿಥಿಯಂ ಸೆಲ್ಲನ್ನು 45 ಡಿಗ್ರಿ ಮೀರಿದಾಗ ಚಾರ್ಜ್ ಮಾಡಬಾರದು. ಪತ್ರಾಸಿನ ಮನೆಯಲ್ಲಿ, ಪಶ್ಚಿಮದ ಗೋಡೆಯ ಪಕ್ಕದಲ್ಲಿ ಡಾಕ್ ಇಟ್ಟರೆ ಮಧ್ಯಾಹ್ನ ಆ ಮಟ್ಟ ಮುಟ್ಟುವುದು ಕಷ್ಟವಲ್ಲ. ಡಾಕ್‌ಗೆ ಮನೆಯ ತಂಪು ಮೂಲೆ ಬೇಕು. ಬೇಸಿಗೆಯಲ್ಲಿ ಓಟ ನಸುಕಿನಲ್ಲೇ ಮುಗಿಯಲಿ. ತಿಂಗಳುಗಟ್ಟಲೆ ಊರಿಗೆ ಹೋಗುವವರು ಪೂರ್ತಿ ತುಂಬಿಸಿಯೂ ಇಡಬಾರದು, ಪೂರ್ತಿ ಖಾಲಿ ಮಾಡಿಯೂ ಇಡಬಾರದು. ಅರ್ಧ ಚಾರ್ಜಿನಲ್ಲಿ ಆಫ್ ಮಾಡಿ ಹೋಗಲಿ. ಬ್ಯಾಟರಿ ಹೇಗಿದೆ ಎಂದು ತಿಳಿಯಲು ಉಪಕರಣ ಬೇಡ. ಪೂರ್ತಿ ಚಾರ್ಜ್ ಮಾಡಿ ನಿಲ್ಲುವ ತನಕ ಓಡಿಸಿ, ಕಂಪನಿ ಹೇಳಿದ ನಿಮಿಷಗಳ ಅರ್ಧಕ್ಕೂ ಬಾರದಿದ್ದರೆ ಹೊಸ ಪ್ಯಾಕಿನ ಬೆಲೆಯನ್ನೂ ಮಷಿನ್ನಿನ ಬೆಲೆಗೆ ಕೂಡಿಸಿ ಲೆಕ್ಕ ಹಾಕಿ. ಆಗ ಎಷ್ಟೋ ಅಗ್ಗದ ಮಾಲುಗಳು ಅಗ್ಗವಾಗಿ ಉಳಿಯುವುದಿಲ್ಲ.

ಹೊಸ ಪ್ಯಾಕಿಗೆ ನಮಗೆ ಹತ್ತಿರದ ಪೇಟೆ ಬೆಂಗಳೂರಲ್ಲ, ಹೈದರಾಬಾದು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಹಳಿ ಬಿದ್ದಂದಿನಿಂದ ಸೇಡಂ, ಚಿತ್ತಾಪುರದವರ ದೊಡ್ಡ ಖರೀದಿ ಅತ್ತಲೇ. ಕೋಠಿಯ ಗುಜರಾತಿ ಗಲ್ಲಿಯಲ್ಲಿ ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಗಳು ಸಾಲುಗಟ್ಟಿವೆ. ಬೆಂಗಳೂರಿಗೆ ಹೋಗುವವರಿಗೆ ಎಸ್.ಪಿ. ರಸ್ತೆ. ಸೆಲ್ ಬದಲಿಸಿ ಪ್ಯಾಕ್ ಮಾಡಿಕೊಡುವವರು ಅಲ್ಲಲ್ಲಿ ಸಿಗುತ್ತಾರೆ. ನಾಲ್ಕೂ ಸೆಲ್ ಒಂದೇ ಕಂಪನಿಯವು, ಒಂದೇ ಸಾಮರ್ಥ್ಯದವು ಇರಬೇಕು, ರಕ್ಷಣೆಯ ಪುಟ್ಟ ಸರ್ಕ್ಯೂಟ್ ಮತ್ತು ಶಾಖ ಅಳೆಯುವ ತಂತಿ ಹಾಗೇ ಉಳಿಯಬೇಕು ಎಂದು ನಿಂತು ಹೇಳಿ ಮಾಡಿಸಿ. ಆ ಸರ್ಕ್ಯೂಟ್ ಕಿತ್ತು ನೇರ ಜೋಡಿಸಿಕೊಡುತ್ತೇನೆ ಎನ್ನುವವನ ಅಂಗಡಿಯಿಂದ ಎದ್ದು ಬನ್ನಿ, ಅದು ಮನೆಗೆ ಬೆಂಕಿ ತರುವ ಕೆಲಸ.

ಬಿಡಿಭಾಗ ಸಿಗುವ ಮಾದರಿಯನ್ನೇ ಕೊಳ್ಳಿ ಎಂಬ ಮಾತಿನ ಬೆಲೆ ತಿಳಿಯಲು ದೊಡ್ಡ ಕಂಪನಿಗಳ ಗತಿ ನೋಡಿದರೆ ಸಾಕು. ಲೇಸರ್ ನಕ್ಷೆಯನ್ನು ಮನೆ ರೋಬೊಗಳಿಗೆ ತಂದವರಲ್ಲಿ ಮೊದಲಿಗರಾದ ಅಮೆರಿಕದ ನಿಯಾಟೊ 2023ರಲ್ಲಿ ಬಾಗಿಲು ಹಾಕಿತು. ಕ್ಲೌಡ್ ಸೇವೆ ಐದು ವರ್ಷ ಇರುತ್ತದೆ ಎಂದು ಆಗ ಕೊಟ್ಟ ಮಾತು 2025ರಲ್ಲೇ ಮುರಿಯಿತು. ರೂಂಬಾ ತಂದ ಐರೋಬೊಟ್ ಕೂಡ 2025ರ ಡಿಸೆಂಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಕಂಪನಿ ಮುಚ್ಚಿದರೆ ಆ್ಯಪ್ ಕುರುಡಾಗುತ್ತದೆ. ಮೈಮೇಲೆ ಗುಂಡಿ ಇರುವ ಮಷಿನ್ ಆದರೆ ಒತ್ತಿದ ಕೂಡಲೇ ಓಡುತ್ತದೆ. ಎಲ್ಲವೂ ಫೋನಿನಲ್ಲೇ ಎನ್ನುವ ಮಾದರಿಯನ್ನು ಹಳೆಯದಾಗಿ ಕೊಳ್ಳುವುದು ನನ್ನ ಪ್ರಕಾರ ಜಾಣತನವಲ್ಲ. ಕಂಪ್ಯೂಟರ್ ಓದಿದ ಮಕ್ಕಳು ಮನೆಯಲ್ಲಿದ್ದರೆ ವ್ಯಾಲೆಟೂಡೊ ಎಂಬ ಮುಕ್ತ ತಂತ್ರಾಂಶದ ಬಗ್ಗೆ ಓದಲಿ. ಕೆಲವು ಆಯ್ದ ಮಾದರಿಗಳನ್ನು ಅದು ಕಂಪನಿಯ ಸರ್ವರಿನ ಹಂಗಿಲ್ಲದೆ ಮನೆಯ ವೈಫೈನಲ್ಲೇ ನಡೆಸುತ್ತದೆ.

ಕಾನೂನು ಈಗ ಕೊಳ್ಳುವವರ ಕಡೆ ಸ್ವಲ್ಪ ವಾಲಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಕಂಪನಿಗಳ ಕೈಪಿಡಿ, ಬಿಡಿಭಾಗ, ವಾರಂಟಿಯ ವಿವರ ಒಂದೇ ಕಡೆ ಸಿಗಲಿ ಎಂಬುದು ಅದರ ಉದ್ದೇಶ. ಮಾರಿದವನು ಮಾತು ತಪ್ಪಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಕೆಟ್ಟುಹೋದ ಬ್ಯಾಟರಿಯನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಆದರೆ ನಿಯಮ ಊರು ಮುಟ್ಟಲು ಒಂದು ಪೆಟ್ಟಿಗೆಯಾದರೂ ಬೇಕು. ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿಯ ಪುರಸಭೆಗಳು, ಶಹಾಬಾದಿನ ನಗರಸಭೆ ತಮ್ಮ ಕಚೇರಿಯ ಬಾಗಿಲಲ್ಲಿ ಹಳೆ ಬ್ಯಾಟರಿಗೆಂದೇ ಒಂದೊಂದು ಪೆಟ್ಟಿಗೆ ಇಟ್ಟು, ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸಲಿ. ಲಿಥಿಯಂ ಸೆಲ್ ಕಸದ ಗಾಡಿಯಲ್ಲಿ ಜಜ್ಜಿ ಹೋದರೆ ಬೆಂಕಿ ಹತ್ತುತ್ತದೆ. ಅದನ್ನು ಕೈಯಿಂದ ಎತ್ತುವವರು ನಮ್ಮೂರಿನ ಪೌರಕಾರ್ಮಿಕರೇ.

ಮಾರುವವರಲ್ಲಿ ನನ್ನದೊಂದು ಕೇಳಿಕೆ. ರಿಫರ್ಬಿಶ್ಡ್ ಎಂದು ಡಬ್ಬಿಯ ಮೇಲೆ ಬರೆದರೆ ಸಾಲದು. ಬ್ಯಾಟರಿ ತಯಾರಾದ ತಿಂಗಳು, ವರ್ಷ, ಯಾವ ಭಾಗ ಬದಲಿಸಿದ್ದೀರಿ ಎಂಬುದನ್ನು ಬಿಲ್ಲಿನಲ್ಲೇ ಬರೆದುಕೊಡಿ. ಕೊಳ್ಳುವವರೂ ಅದನ್ನು ಕೇಳಿ ಬರೆಸಿಕೊಳ್ಳದೆ ಹಣ ಕೊಡಬೇಡಿ.